ಏಳಕ್ಷರದ ಸೂಲಗಿತ್ತಿ

ಬಹಳ ಹಿಂದೆ, ಯಾವ ಪತ್ರಿಕೆಯೂ ಸ್ಪಷ್ಟೀಕರಣ ಕೊಡಬೇಕಾಗಿಲ್ಲದಷ್ಟು ಹಿಂದೆ, ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಅಖಂಡಪ್ರತಾಪರು ಆಳುತ್ತಿದ್ದರು. ಅವರಿಗೆ ಯುದ್ಧದ ಹುಚ್ಚಿರಲಿಲ್ಲ, ಬೇಟೆಯ ಹುಚ್ಚಿರಲಿಲ್ಲ. ಇದ್ದದ್ದು ಇಂಗ್ಲಿಷ್ ಪದದಾಟದ ಹುಚ್ಚೊಂದೇ. ಕೈಗೆ ಬಂದ ಏಳು ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡಬೇಕು. ಏಳೂ ಖರ್ಚಾದರೆ ಭಾರೀ ಅಂಕ. ಮಹಾರಾಜರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದು ಸಣ್ಣದೊಂದು ಆಡಳಿತಾತ್ಮಕ ತೊಡಕು.

ಅದರ ನಿವಾರಣೆಗೆ ಮಹಾಮಂತ್ರಿ ವಿನಯಭೂಷಣರು ಪದಶೋಧ ಪ್ರಾಧಿಕಾರ ಸ್ಥಾಪಿಸಿದರು. ಮುನ್ನೂರು ಗುಮಾಸ್ತರು ಕೂತು ಇಂಗ್ಲಿಷ್ ಪದಗಳನ್ನೆಲ್ಲ ಮೊದಲಕ್ಷರ, ಕೊನೆಯಕ್ಷರ, ಉದ್ದ ನೋಡಿ ಪಟ್ಟಿ ಮಾಡಿದರು. ಪಟ್ಟಿಯಲ್ಲಿ ಅರ್ಥಕ್ಕೂ ಒಂದು ಕಾಲಂ ಇತ್ತು. "ಪ್ರಭು, ಆಟದಲ್ಲಿ ಅರ್ಥಕ್ಕೆ ಅಂಕವಿಲ್ಲ," ಎಂದು ಮಂತ್ರಿಗಳು ಅದನ್ನು ತೆಗೆಸಿದರು. ವಿಲೇವಾರಿ ಮೂರು ಪಟ್ಟು ಚುರುಕಾಯಿತು. ಆ ಯಶಸ್ಸಿನಿಂದ ಉಬ್ಬಿದ ಸರ್ಕಾರ ಮತ್ತೊಂದು ಸುತ್ತೋಲೆ ಹೊರಡಿಸಿತು: ಇನ್ನು ಮುಂದೆ ಪ್ರಜೆಗಳ ಅರ್ಜಿ ಏಳಕ್ಷರದ ಒಂದೇ ಇಂಗ್ಲಿಷ್ ಪದದಲ್ಲಿ ಇರತಕ್ಕದ್ದು.

ಇದ್ಯಾವುದೂ ಗೊತ್ತಿಲ್ಲದ ಕೊಟ್ರವ್ವ ಹೊಳೆಯಾಚೆಯ ಕಲ್ಲಹಳ್ಳಿಯಿಂದ ರಾಜಧಾನಿಗೆ ಬಂದಳು. ಊರಿಗಿದ್ದ ಒಬ್ಬಳೇ ಸೂಲಗಿತ್ತಿ ತೀರಿಕೊಂಡಿದ್ದಳು. ಸೊಸೆ ಹಾಲವ್ವನಿಗೆ ಎಂಟನೇ ತಿಂಗಳು. ಮೊದಲ ಹೆರಿಗೆಯಲ್ಲೇ ಆ ಹುಡುಗಿ ಸತ್ತು ಬದುಕಿದ್ದಳು. ಇನ್ನೊಮ್ಮೆ ಹಾಗಾದರೆ ಉಳಿಯುವುದಿಲ್ಲವೆಂಬ ಭಯವೇ ಮುದುಕಿಯನ್ನು ಇಲ್ಲಿಯವರೆಗೆ ನಡೆಸಿತ್ತು.

"ಊರಿಗೆ ಒಬ್ಬಾಕಿ ಸೂಲಗಿತ್ತಿ ಬೇಕಾಗ್ಯಾಳಪ್ಪ," ಎಂದಳು.

ಅರಮನೆಯ ಬಾಗಿಲಲ್ಲಿ ಅರ್ಜಿ ಬರೆಯುತ್ತಿದ್ದ ಪಂಪಣ್ಣ ಬೆರಳು ಮಡಚಿ ಎಣಿಸಿದ. "ಅದಕ್ಕ ಇಂಗ್ಲಿಷ್‌ನಾಗ ಮಿಡ್‌ವೈಫ್ ಅಂತಾರ ಯವ್ವಾ. ನಿನ್ನ ಪುಣ್ಯ ದೊಡ್ಡದು, ಸರಿಯಾಗಿ ಏಳಕ್ಷರ! ಮೊನ್ನೆ ಒಬ್ಬಾತ ನೀರು ಬೇಕು ಅಂತ ಬಂದಿದ್ದ. ಐದೇ ಅಕ್ಷರ ಆತು, ವಾಪಸ್ ಕಳಿಸಿದ್ರು."

ಒಳಗಿನ ಗುಮಾಸ್ತ ಅಕ್ಷರ ಎಣಿಸಿ, ಮೊಹರು ಒತ್ತಿ, ಅರ್ಜಿಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟ.

"ಆಕಿ ಯಾವಾಗ ಬರ್ತಾಳ್ರೀ?"

"ಯಾರು?"

"ಸೂಲಗಿತ್ತಿ."

"ನೋಡಮ್ಮಾ, ಅರ್ಥದ ವಿಷಯ ನಮ್ಮ ವ್ಯಾಪ್ತಿಗೆ ಬರೋದಿಲ್ಲ."

ಅತ್ತ ಅರಮನೆಯೊಳಗೆ ಮಹಾರಾಜರು ನೆರೆಯ ದೊರೆಯೊಡನೆ ಆಟಕ್ಕೆ ಕೂತು ಮೂರು ದಿನವಾಗಿತ್ತು. ಕೈಯಲ್ಲಿದ್ದ ಏಳು ಬಿಲ್ಲೆಗಳಿಗೆ ಪದ ಸಿಕ್ಕಿರಲಿಲ್ಲ. ಆ ಪದವಿದ್ದ ಕಪಾಟಿನ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಗುಮಾಸ್ತನೊಬ್ಬ ಕಾರ್ಯದಕ್ಷತೆಯ ತರಬೇತಿಗೆ ಹೋಗಿದ್ದ. ಅಷ್ಟರಲ್ಲಿ ಬೆಳ್ಳಿ ತಟ್ಟೆ ಒಳಗೆ ಬಂತು. ಮಹಾರಾಜರು ಅರ್ಜಿ ನೋಡಿದರು, ಬಿಲ್ಲೆ ನೋಡಿದರು, ಒಂದೊಂದಾಗಿ ಏಳನ್ನೂ ಮಣೆಯ ಮೇಲಿಟ್ಟರು. ನೆರೆಯ ದೊರೆ ಸೋತು ಎದ್ದು ಹೋದ.

"ಪ್ರಭು! ಪದಗಳು ತಮ್ಮ ಪಾದವನ್ನು ತಾವೇ ಹುಡುಕಿಕೊಂಡು ಬರುತ್ತವೆ!" ಎಂದು ಮಂತ್ರಿಗಳು ಕಣ್ಣೊರೆಸಿಕೊಂಡರು.

"ಎಲ್ಲಿಯದು ಈ ಪದ?"

"ಕಲ್ಲಹಳ್ಳಿಯದು ಪ್ರಭು. ಅಲ್ಲಿಯವರು ಇದನ್ನೇ ಬೇಡಿದ್ದಾರೆ."

"ಕೊಡಿ. ಚಿಕ್ಕದಾಗಿ ಕೊಟ್ಟು ನಮ್ಮ ಮಾನ ಕಳೆಯಬೇಡಿ."

ಅರ್ಜಿ ಮಂಜೂರಾಯಿತೆಂದು ಕೇಳಿದ ಕೊಟ್ರವ್ವ ನಿಂತಲ್ಲೇ ಅತ್ತಳು. ಊರಿಗೆ ಓಡಿ, ಬರುವವಳಿಗೆಂದು ಪಡಸಾಲೆ ಸಾರಿಸಿದಳು, ಸೀರೆಯೊಂದನ್ನು ಎತ್ತಿಟ್ಟಳು. ದಿನಾ ಹೊಳೆದಂಡೆಗೆ ಹೋಗಿ ದಾರಿ ಕಾದಳು.

ಒಂಬತ್ತನೇ ತಿಂಗಳಲ್ಲಿ ಸರ್ಕಾರ ಬಂತು. ಸೂಲಗಿತ್ತಿಯಲ್ಲ, ಅಕ್ಷರಗಳು. ಆನೆಯೆತ್ತರದ ಏಳು ಹಿತ್ತಾಳೆ ಅಕ್ಷರಗಳು. ಇದ್ದ ಒಂದೇ ದೋಣಿಯನ್ನು ವಶಕ್ಕೆ ತೆಗೆದುಕೊಂಡು, ಊರಿನ ಗಂಡಸರನ್ನೆಲ್ಲ ಹೊರಲು ಹಚ್ಚಿದರು. ನಾಲ್ಕನೆಯ ಅಕ್ಷರಕ್ಕೆ ಹಾಲವ್ವನ ಗಂಡ ಬರಮಪ್ಪ ಹೆಗಲು ಕೊಟ್ಟಿದ್ದಾಗ ಅವಳಿಗೆ ನೋವು ಶುರುವಾಯಿತು. ಹೆಂಗಸರು ಅವಳನ್ನು ಕಂಬಳಿಯಲ್ಲಿ ಹೊತ್ತು ದಂಡೆಗೆ ತಂದರು.

"ದೋಣಿ ಬಿಡ್ರೀ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ. ಆಚಿ ಊರಾಗ ಸೂಲಗಿತ್ತಿ ಅದಾಳ. ಕೂಸು ಅಡ್ಡ ನಿಂತೈತಿ," ಎಂದಳು ಕೊಟ್ರವ್ವ.

"ಇನ್ನು ಮೂರೇ ಅಕ್ಷರ ಅಜ್ಜೀ," ಎಂದರು ಅಧಿಕಾರಿಗಳು. ಕೆಟ್ಟವರೇನಲ್ಲ, ಅವಳಿಗೆ ಕೂರಲು ಕುರ್ಚಿಯನ್ನೂ ಹಾಕಿಸಿದರು.

ಏಳನೆಯ ಅಕ್ಷರ ದಂಡೆ ಮುಟ್ಟುವ ಹೊತ್ತಿಗೆ ಹಾಲವ್ವನೂ ಇರಲಿಲ್ಲ, ಕೂಸೂ ಇರಲಿಲ್ಲ. ನಗುತ್ತಲೇ ಹೇಳಬೇಕೆಂದು ಹೊರಟ ಕಥೆ ಇದು. ಇಲ್ಲಿ ನನಗೆ ನಗು ಬರುವುದಿಲ್ಲ.

ಮರುದಿನ ಅನಾವರಣ. ಮಹಾರಾಜರು ಪರದೆ ಎಳೆದರು. ಗುಂಪಿನಲ್ಲಿ ಹೆಂಗಸರು ಬಿಕ್ಕುತ್ತಿದ್ದುದನ್ನು ಕಂಡ ಮಂತ್ರಿಗಳು "ಪ್ರಭು, ಆನಂದಬಾಷ್ಪ!" ಎಂದರು. ಪದಶೋಧ ಪ್ರಾಧಿಕಾರಕ್ಕೆ ಅತ್ಯುತ್ತಮ ಜನಸೇವೆಯ ಕಿರೀಟ ಸಂದಿತು. ಹಿತ್ತಾಳೆ ಹೊಳಪು ಕುಂದದಂತೆ ವಾರಕ್ಕೊಮ್ಮೆ ಹುಣಸೆಹಣ್ಣಿನಿಂದ ತಿಕ್ಕುವ ಹೊಣೆ ಊರವರ ಮೇಲೆ ಬಿತ್ತು.

ಸಭೆ ಮುಗಿದ ಮೇಲೆ ಗುಮಾಸ್ತ ಕೊಟ್ರವ್ವನ ಮುಂದೆ ಕಡತ ಹಿಡಿದ. ಅರ್ಜಿದಾರರು ಕೇಳಿದ್ದನ್ನು, ಒಂದಕ್ಷರವೂ ಕಡಿಮೆಯಾಗದಂತೆ, ಒದಗಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು. ತಲುಪಿದ್ದಕ್ಕೆ ಅವಳ ಹೆಬ್ಬೆಟ್ಟು ಬೇಕಿತ್ತು.

ಅವಳ ಕೈಯನ್ನು ಅವನೇ ಹಿಡಿದು ಒತ್ತಿಸಿಕೊಂಡ.