ಗೌಡರ ಜೀಪು ಕಡಲಿಗೆ ಹೋದದ್ದು

ಗ್ಯಾರೇಜಿಗೆ ಬರುವ ಗಾಡಿಗಳಿಗೆ ರೋಗ ಕಡಿಮೆ, ಅವುಗಳ ಮಾಲಕರಿಗೇ ಹೆಚ್ಚು. ಇದು ನನ್ನ ಮಾತಲ್ಲ, ನಮ್ಮ ಉಸ್ತಾದರದು. ಎಪ್ಪತ್ತರ ದಶಕದಲ್ಲಿ ವಿಜಾಪುರದ ಸ್ಟೇಶನ್ ರಸ್ತೆಯಲ್ಲಿ ಅವರದೊಂದು ತಗಡಿನ ಗ್ಯಾರೇಜಿತ್ತು, ನಾನು ಅಲ್ಲಿ ಫಿಟರ್. ದಿನ ಬೆಳಗಾದರೆ ಒಂದಿಲ್ಲೊಂದು ನಗೆಪಾಟಲು ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತಿತ್ತು. ತಿಕೋಟಾದ ಗೌಡರು ಜೀಪು ಕೊಂಡ ವರ್ಷವಂತೂ ಅದು ನಾಲ್ಕು ಗಾಲಿಯ ಮೇಲೆ ಬಂತು.

ಗೌಡರಿಗೆ ಜೀಪಿನ ಹುಚ್ಚು ಹತ್ತಿಸಿದವರು ಅವರ ಬೀಗರು. ಗೌಡರು ಮಗಳನ್ನು ಕಾರವಾರಕ್ಕೆ ಕೊಟ್ಟಿದ್ದರು. ಬೀಗರು ಮೂಲದಲ್ಲಿ ನಮ್ಮ ಕಡೆಯವರೇ. ನೌಕರಿಗೆಂದು ಹೋಗಿ ಅಲ್ಲೇ ಸಮುದ್ರದ ದಂಡೆಯಲ್ಲಿ ಮನೆ ಕಟ್ಟಿಕೊಂಡವರು. ಮದುವೆ ತಿಕೋಟಾದಲ್ಲೇ ಆಯಿತು. ಊಟದ ಪಂಕ್ತಿಯಲ್ಲಿ ಬೀಗರು ಎಲ್ಲರ ಎದುರಿಗೆ, "ಗೌಡ್ರ, ಮಗಳನ್ನ ನೋಡಾಕ ಬರೂ ಮುಂದ ಗಟ್ಟಿ ಚಪ್ಪಲಿ ಹಾಕ್ಕೊಂಡು ಬರ್ರಿ. ನಮ್ಮ ಮನಿಗೆ ರಸ್ತಾ ಇಲ್ಲ, ಬರೇ ಉಸುಕು. ಇಲ್ಲೀತನಕ ಯಾವ ಗಾಡೀನೂ ನಮ್ಮ ಬಾಗಲಾ ಮುಟ್ಟಿಲ್ಲ," ಅಂದುಬಿಟ್ಟರು.

ಗೌಡರ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. "ಮುಟ್ಟಸ್ತೀನ್ರಿ," ಅಂದರು.

ಮರುವಾರವೇ ನಮ್ಮ ಗ್ಯಾರೇಜಿಗೆ ಬಂದರು. ದಿನಾಲೂ ಹೊಲಕ್ಕೆ, ಸಂತೆಗೆ, ಡೋಣಿ ಹೊಳೆ ದಂಡೆಯ ಕೆಸರಿಗೆ ಆಗುವಂಥ ಗಾಡಿ ಬೇಕು. ವರ್ಷಕ್ಕೊಮ್ಮೆ ಸಮುದ್ರದ ಉಸುಕಿನಲ್ಲೂ ಓಡಬೇಕು. ಉಸ್ತಾದರು, "ಹಂಗಾರ ನಾಕೂ ಗಾಲಿ ಜಗ್ಗೂ ಜೀಪು ನೋಡ್ರಿ. ಸಾದಾ ಗಾಡಿಗೆ ಹಿಂದಿನ ಎರಡ ಜಗ್ತಾವು," ಎಂದರು.

ಗೌಡರು ವಿಚಾರ ಮಾಡಿ, "ಹೌದು ಬಿಡ್ರಿ. ಮುಂದಿನವು ಸುಮ್ನ ಕುಂತು ತಿಂತಾವು ಅಂದ್ರ ನಮ್ಮ ಮನಿಯಾಗ ನಡಿಯಂಗಿಲ್ಲ," ಎಂದರು.

ಸುಳಿ ನೋಡಿದ್ದು

ಅದೇ ಹೊತ್ತಿಗೆ ಸೈನ್ಯದಿಂದ ನಿವೃತ್ತನಾದ ಹವಾಲ್ದಾರನೊಬ್ಬ ಪುಣೆ ಕಡೆಯಿಂದ ಎರಡು ಹಳೇ ಜೀಪು ತಂದು ಊರ ಹೊರಗೆ ಮಾರಾಟಕ್ಕೆ ನಿಲ್ಲಿಸಿದ್ದ. ಒಂದು ಹೊಸ ಬಣ್ಣ ಬಳಿದುಕೊಂಡು ಮದುಮಗನಂತೆ ಹೊಳೆಯುತ್ತಿತ್ತು. ಇನ್ನೊಂದು ಮಿಲಿಟರಿಯದು, ಮೈಯೆಲ್ಲ ಗಾಯ, ಸ್ಟೇರಿಂಗು ಬಲಕ್ಕಿರುವ ಬದಲು ಎಡಕ್ಕೆ.

ಗೌಡರಿಗೆ ಎತ್ತಿನ ವ್ಯಾಪಾರ ಗೊತ್ತು, ಗಾಡಿಯದು ಗೊತ್ತಿಲ್ಲ. ಗೊತ್ತಿದ್ದ ವಿದ್ಯೆಯನ್ನೇ ಹೂಡಿದರು. ಎರಡೂ ಜೀಪನ್ನು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಚಪ್ಪರಿಸಿದರು. ಕೂತು ಮುಂದಿನ ಜಾಲರಿಯ ಹಲ್ಲು ಎಣಿಸಿದರು. ಹಿಂದೆ ಹೋಗಿ, ಒದ್ದೀತೆಂದೋ ಏನೋ, ಒಂದು ಮಾರು ದೂರವೇ ನಿಂತು ನೋಡಿದರು. ಕೊನೆಗೆ ಮಿಲಿಟರಿ ಜೀಪಿನ ಬಾನೆಟ್ಟಿನ ಮೇಲಿದ್ದ ತಗ್ಗಿನ ಮೇಲೆ ಎತ್ತಿನ ಹಣೆ ಸವರಿದಂತೆ ಬೆರಳಾಡಿಸಿ, "ಸುಳಿ ಛಲೋ ಐತಿ. ಇದ ಇರಲಿ," ಎಂದರು.

ಇನ್ನು ವ್ಯವಹಾರ. ನಮ್ಮ ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿಕೊಂಡು ಒಳಗೇ ಬೆರಳು ಹಿಡಿದು ತಿಳಿಸುವುದು. ಗೌಡರು ಹೆಗಲ ಟವೆಲ್ ತೆಗೆದು ಹವಾಲ್ದಾರನ ಕೈ ಮೇಲೆ ಹೊದಿಸಿ, ಒಳಗೆ ಅವನ ಬೆರಳು ಹಿಡಿದು ಮೆಲ್ಲಗೆ ಅದುಮಿದರು. ಹವಾಲ್ದಾರ ಗೌಡರ ಮುಖ ನೋಡಿದ. ಗೌಡರು ವ್ಯಾಪಾರದ ಪದ್ಧತಿಯಂತೆ ಕಣ್ಣು ಹೊಡೆದರು. ಹವಾಲ್ದಾರ ಹೌಹಾರಿ, "ಅರೇ, ಕ್ಯಾ ಕರ್ತಾ ಹೈ!" ಎಂದು ಕೈ ಕಿತ್ತುಕೊಂಡು ಜೀಪಿನ ಆ ಕಡೆಗೆ ಓಡಿಹೋದ.

ಗೌಡರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ಉಸ್ತಾದರಿಗೆ ಅಂದರು: "ಪಾಪ, ಬಾಳ ಪ್ರೀತೀಲೆ ಸಾಕ್ಯಾನ ಅಂತ ಕಾಣ್ತೈತಿ. ಮಾರಾಕ ಮನಸ ಬರವಲ್ದು."

ದೊಡ್ಡವ್ವನ ಡ್ರೈವಿಂಗು

ಉಸ್ತಾದರು ನಡುವೆ ಬಿದ್ದು ವ್ಯಾಪಾರ ಕುದುರಿಸಿದರು, ಎಡಗಡೆ ಸ್ಟೇರಿಂಗಿನ ಆ ಜೀಪನ್ನು ಗೌಡರು ತಾವೇ ಹೊಡೆಯಲು ಕಲಿತರು. ಪಕ್ಕದಲ್ಲಿ, ಅಂದರೆ ಎಲ್ಲ ಗಾಡಿಗಳಲ್ಲೂ ಡ್ರೈವರ್ ಕೂಡುವ ಬಲಗಡೆ ಜಾಗದಲ್ಲಿ, ಅವರ ತಾಯಿ ಕೂಡುತ್ತಿದ್ದಳು. ಊರಿಗೆಲ್ಲ ಅವಳು ದೊಡ್ಡವ್ವ. ತಲೆ ತುಂಬ ಸೆರಗು, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ.

ದೂರದಿಂದ ನೋಡಿದವರಿಗೆ ಕಂಡದ್ದು ಇಷ್ಟು: ಜೀಪು ಧೂಳೆಬ್ಬಿಸಿಕೊಂಡು ಬರುತ್ತಿದೆ, ಡ್ರೈವರ್ ಜಾಗದಲ್ಲಿ ದೊಡ್ಡವ್ವ, ಎರಡೂ ಕೈ ಎಲೆಗೆ ಸುಣ್ಣ ಹಚ್ಚುವುದರಲ್ಲಿ! ಬಬಲೇಶ್ವರದ ಸಂತೆಯಲ್ಲಿ ಮಂದಿ ದಾರಿ ಬಿಟ್ಟು ಕಟ್ಟೆ ಹತ್ತಿದರು. "ದೊಡ್ಡವ್ವ ಕೈ ಬಿಟ್ಟು ಜೀಪ ಹೊಡಿತಾಳ. ಕಾಲಾಗ ತಿರುವುತಾಳಂತ!" ಎಂದು ಸುದ್ದಿ ಹೊನವಾಡದವರೆಗೂ ಮುಟ್ಟಿತು. ಮಗನಿಗಿಂತ ಅವಳೇ ಚೆನ್ನಾಗಿ ಹೊಡೆಯುತ್ತಾಳೆ ಎಂದು ಸಾಕ್ಷಿ ಹೇಳುವವರೂ ಹುಟ್ಟಿಕೊಂಡರು.

ಒಂದು ದಿನ ವಿಜಾಪುರ ಸಮೀಪಿಸುತ್ತಿದ್ದಾಗ ಹೊಸ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ನೇರ ಬಲಗಡೆಗೆ ಬಂದು, "ಅವ್ವಾರ, ಲೈಸೆನ್ಸ್ ತೋರಸ್ರಿ," ಎಂದ.

"ಅಂದ್ರ ಏನೋ ತಮ್ಮಾ?"

"ಸರ್ಕಾರದ ಪರವಾನಗಿ ಬೇ. ಅದಿಲ್ಲದ ಹಂಗ ಹೊಡಿಯಂಗಿಲ್ಲ."

ದೊಡ್ಡವ್ವ ಎಡಕ್ಕೆ ತಿರುಗಿ ಮಗನನ್ನು ಒಮ್ಮೆ ನೋಡಿ, ಮತ್ತೆ ಪೊಲೀಸನಿಗೆ ಅಂದಳು: "ಇಂವಾ ಸಣ್ಣಾಂವ ಇದ್ದಾಗಿಂದ ಹೊಡದ ಬೆಳಿಸೇನಿ. ಇಲ್ಲೀತನಕ ಯಾರೂ ಪರವಾನಗಿ ಕೇಳಿಲ್ಲ."

ಬಲಕ್ಕೆ ತಿರುಗು

ಉಸುಕಿನಲ್ಲಿ ಹೂತುಕೊಳ್ಳಬಾರದೆಂದರೆ ಅಗಲ ಟಾಯರು ಬೇಕು ಎಂದು ಉಸ್ತಾದರು ಹೇಳಿದ್ದೇ ತಡ, ಗೌಡರು ಎಲ್ಲಿಂದಲೋ ಭಾರೀ ಟಾಯರು ಹೊತ್ತು ತಂದರು. "ಗೌಡ್ರ, ಇವು ಬಾಳ ದೊಡ್ಡವಾದ್ವು," ಎಂದರು ಉಸ್ತಾದರು. "ಇರಲಿ ಬಿಡ್ರಿ, ಬೆಳಿಯೂ ಗಾಡಿ," ಎಂದರು ಗೌಡರು, ಮಗನಿಗೆ ಅಂಗಿ ಹೊಲಿಸುವವರ ಹಾಗೆ.

ಹಾಕಿದೆವು. ಜೀಪು ಕಾಲು ಕೆದರಿ ನಿಂತ ಹೋರಿಯಂತೆ ಕಾಣತೊಡಗಿತು. ಆದರೆ ಎಡಕ್ಕೆ ಸ್ಟೇರಿಂಗು ತಿರುವಿದರೆ ಟಾಯರು ಒಳಗೆ ಎಲ್ಲೋ ಕಚ್ಚಿಕೊಂಡು ಬಿಡುತ್ತಿತ್ತು. ಬಲಕ್ಕೆ ಮಾತ್ರ ಸರಾಗ. ಸರಿಮಾಡಲು ಎರಡು ದಿನ ಬೇಕೆಂದೆವು. ಗೌಡರಿಗೆ ಎಲ್ಲಿಯ ತಾಳ್ಮೆ? "ಎಡಕ್ಕ ಹೋಗೂದು ಬಂದ್ರ ಮೂರು ಸಲ ಬಲಕ್ಕ ಹೊಳ್ಳಿದ್ರಾತು, ಅಲ್ಲಿಗೇ ಬರ್ತೈತಿ," ಎಂದು ಲೆಕ್ಕ ಹೇಳಿ ಹೊರಟೇಬಿಟ್ಟರು.

ಲೆಕ್ಕ ತಪ್ಪಲ್ಲ. ಊರಲ್ಲಿ ಓಣಿಗಳಿದ್ದವು, ಹೇಗೋ ನಡೆಯಿತು. ಮರುದಿನ ಗೌಡತಿಯನ್ನು ಕೂಡಿಸಿಕೊಂಡು ಜೈನಾಪುರಕ್ಕೆ, ಅವರ ತವರುಮನೆಗೆ ಹೊರಟರು. ಎಡಕ್ಕೆ ಹೊರಳುವ ಕಡೆ ಬಲಕ್ಕೆ ಹೊರಳಿದರು. ಮುಂದೆ ಇನ್ನೊಂದು ಬಲ ಸಿಗಬೇಕಲ್ಲ? ಬರೀ ಜೋಳದ ಹೊಲ. ಹೋದರು, ಹೋದರು, ಎದುರಿಗೆ ನಿಡೋಣಿ ಬಂತು. ಅಲ್ಲಿ ಬಲ ಸಿಕ್ಕಿತು, ಹೊರಳಿದರು. ಊರ ಗುಡಿಯ ಮುಂದೆ ಮತ್ತೊಂದು ಬಲ, ಅದರ ಹಿಂದೆ ಮತ್ತೊಂದು. ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ಜೀಪು ಮೂರನೇ ಸಲ ಹಾಯ್ದಾಗ ಅವರು ಎದ್ದು ನಿಂತು ಕೈಮುಗಿದರು.

ಗೌಡತಿ ಬುತ್ತಿಗಂಟು ಹಿಡಿದು ಇಳಿದು ಅಂದರು: "ನಿಮ್ಮ ಪ್ರದಕ್ಷಿಣಿ ಮುಗದ ಮ್ಯಾಲ ಬರ್ರಿ. ನಾ ತವರಮನಿಗೆ ಬಸ್ಸಿಗೆ ಹೋಗ್ತೀನಿ. ಅದು ಎರಡೂ ಕಡೆ ಹೊಳ್ಳತೈತಿ."

ಆಡಿನ ಜಾಣತನ

ಟಾಯರುಗಳನ್ನು ಹೊರಗೆ ಸರಿಸಿ ರೋಗ ವಾಸಿಮಾಡಿದೆವು. ಜೀಪಿನಲ್ಲಿ ಗೇರಿನ ಪಕ್ಕಕ್ಕೆ ಎರಡು ಸಣ್ಣ ಕಡ್ಡಿಗಳಿದ್ದವು. ಒಂದನ್ನು ಎಳೆದರೆ ಮುಂದಿನ ಗಾಲಿಗಳೂ ಜಗ್ಗಲು ಶುರುಮಾಡುತ್ತವೆ. ಗೌಡರಿಗೆ ಅದನ್ನು ಯಾವಾಗ ಎಳೆಯಬೇಕೆಂಬುದು ಕೊನೆಗೂ ನೆನಪುಳಿಯಲಿಲ್ಲ. ಕೆಸರಿನಲ್ಲಿ ಸಿಕ್ಕಿಬಿದ್ದ ಮೇಲೆ ಇಳಿದು, ಬೈದು, ಆಮೇಲೆ ಎಳೆಯುತ್ತಿದ್ದರು.

ಮಳೆಗಾಲದ ಒಂದು ಸಂತೆ ದಿನ ಮುದುಕನೊಬ್ಬ ಆಡು ಸಮೇತ ಹತ್ತಿದ. ಹಗ್ಗ ಕಟ್ಟಲು ಜಾಗ ಹುಡುಕಿ ಆ ಸಣ್ಣ ಕಡ್ಡಿಗೇ ಬಿಗಿದ. ಡೋಣಿ ದಂಡೆಯ ಇಳಿಜಾರಿನಲ್ಲಿ ಆಡು ಹೆದರಿ ಹಿಂದಕ್ಕೆ ಜಗ್ಗಿತು. ಕಡ್ಡಿ ಖಟ್ಟೆಂದು ಬಿತ್ತು. ಜೀಪು ಆ ಎರೆ ಕೆಸರನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತ ದಾಟಿ ಆಚೆ ನಿಂತಿತು.

ಗೌಡರು ಹಿಂತಿರುಗಿ ನೋಡಿ ಮುದುಕನಿಗೆ ಅಂದರು: "ಕಾಕಾ, ಸಂತ್ಯಾಗ ಮಾರಬ್ಯಾಡೋ ಇದನ್ನ. ನಾ ಪಗಾರಕ್ಕ ಇಟ್ಕೋತೀನಿ."

ನಾಲ್ಕು ಗಾಲಿಯ ಶೋಕ

ಉಸುಕಿನಲ್ಲಿ ಓಡಿಸುವಾಗ ಗಾಲಿಯ ಗಾಳಿ ಅರ್ಧ ಬಿಡಬೇಕು. ಟಾಯರು ಅಗಲವಾಗಿ ಹರಡಿಕೊಳ್ಳುತ್ತದೆ, ಹೂಳುವುದಿಲ್ಲ. ಗೌಡರು ಇದನ್ನು ಬೇಸಿಗೆಯಲ್ಲಿ ಡೋಣಿಯ ಒಣ ಪಾತ್ರದಲ್ಲಿ ಪರೀಕ್ಷೆ ಮಾಡಿ, ಖುಷಿಯಾಗಿ, ಗಾಳಿಯಿಲ್ಲದ ಜೀಪನ್ನು ಹಾಗೇ ಮನೆ ಮುಂದೆ ತಂದು ನಿಲ್ಲಿಸಿ ಒಳಗೆ ಹೋಗಿ ಮಲಗಿದರು.

ಊರವರು ನೋಡಿದರು. ನಾಲ್ಕೂ ಗಾಲಿ ಕೂತಿವೆ! ಸುದ್ದಿ ಕೇಳಿ ಹೊನವಾಡದಿಂದ ಗೌಡರ ಸೋದರಮಾವ ಬಸ್ಸು ಹಿಡಿದು ಬಂದರು. ಜೀಪಿನ ಸುತ್ತ ಮಂದಿ ತಲೆಗೆ ಕೈ ಹಚ್ಚಿ ಕೂತಿದ್ದರು. ಮಾವ ಗಂಭೀರವಾಗಿ, "ಒಂದ ಗಾಲಿ ಕುಂತ್ರ ಮೊಳಿ. ನಾಕೂ ಕುಂತ್ರ ಮಾಟ," ಎಂದು ತೀರ್ಪು ಕೊಟ್ಟರು. ನಿಂಬೆಹಣ್ಣು ಬಂತು, ತೆಂಗಿನಕಾಯಿ ಬಂತು. ಗಾಲಿಗೊಂದರಂತೆ ಕಾಯಿ ಒಡೆಯುವ ಸಪ್ಪಳಕ್ಕೆ ಗೌಡರು ಹೊರಗೆ ಬಂದರು.

"ಮಾವಾ, ಏನ್ ನಡಿಸೀರಿ? ಗಾಳಿ ನಾನ ಬಿಟ್ಟೇನಿ!"

"ನೀನ? ನಿನ್ನ ಕೈಯಾರ?"

"ಹೌದು, ಸಮುದ್ರಕ್ಕ ಹೋಗಾಕ."

ಮಾವ ಗೌಡರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉಳಿದ ಕಾಯಿಯನ್ನು ಎತ್ತಿಕೊಂಡು ಮಂದಿಗೆ ಹೇಳಿದರು: "ಗಾಲಿ ಬಿಡ್ರೋ. ಇವನ್ನ ಹಿಡೀರಿ. ಮಾಟ ತಲಿಗೆ ಹತ್ತೇತಿ!"

ಬೀಗರ ಬಾಗಿಲು

ಅಂತೂ ಹೊರಟೆವು. ಗೌಡರು, ಗೌಡತಿ, ದೊಡ್ಡವ್ವ. ದಾರಿಯಲ್ಲಿ ಏನಾದರೂ ಕೆಟ್ಟರೆ ಇರಲಿ ಎಂದು ನಾನು. ಹುಬ್ಬಳ್ಳಿಯಲ್ಲಿ ರಾತ್ರಿ ತಂಗಿ, ಮರುದಿನ ಘಟ್ಟ ಇಳಿದು ಕಾರವಾರ ಮುಟ್ಟಿದೆವು.

ರಸ್ತೆ ಮುಗಿದಲ್ಲಿ ಉಸುಕು ಶುರುವಾಯಿತು. ದೂರದಲ್ಲಿ ತೆಂಗಿನ ಮರಗಳ ನಡುವೆ ಬೀಗರ ಮನೆ. ಗೌಡರ ಮುಖ ಬಿಗಿಯಿತು. ಮದುವೆಯ ಪಂಕ್ತಿಯಲ್ಲಿ ನಕ್ಕವರೆಲ್ಲ ಕಣ್ಣ ಮುಂದೆ ಬಂದಿರಬೇಕು. ನಾನು ಇಳಿದು ಗಾಲಿಗಳ ಗಾಳಿ ಬಿಟ್ಟೆ. ನಾನು ನೆನಪಿಸಿದ ಮೇಲೆ ಗೌಡರು ಕಡ್ಡಿ ಎಳೆದರು. ಜೀಪು ಒಮ್ಮೆ ಹೊರಳಾಡಿ, ಗುಟುರು ಹಾಕಿ, ಉಸುಕಿನ ಮೇಲೆ ಬಾತುಕೋಳಿಯಂತೆ ಓಲಾಡುತ್ತ ಹೋಗಿ ಬೀಗರ ಹೊಸ್ತಿಲಿಗೆ ಮೂಗು ಹಚ್ಚಿ ನಿಂತಿತು. ಗೌಡರು ಹಾರ್ನಿನ ಮೇಲಿನ ಕೈ ತೆಗೆಯಲೇ ಇಲ್ಲ. ಮಗಳು ಓಡಿಬಂದು ಅಪ್ಪನನ್ನು ಹಿಡಿದುಕೊಂಡು ಅತ್ತಳು, ನಕ್ಕಳು. ಬೀಗರು ಹೊರಗೆ ಬಂದು, "ಸೋತೆ ಗೌಡ್ರ, ಸೋತೆ," ಎಂದು ಕೈಮುಗಿದರು.

ದೊಡ್ಡವ್ವ ಮಾತ್ರ ಇವರ ಯಾರ ಕಡೆಗೂ ನೋಡದೆ ನೆಟ್ಟಗೆ ನೀರಿಗೆ ಹೋದಳು. ಹುಟ್ಟಿದಾಗಿನಿಂದ ಅಷ್ಟು ನೀರು ಕಂಡವಳಲ್ಲ. ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡಳು, ಥೂ ಎಂದು ಉಗುಳಿದಳು. "ಯಪ್ಪಾ, ಇಷ್ಟು ನೀರ ಕೊಟ್ಟಿದ್ದ ದೇವ್ರು. ಯಾವ ಹಾಳ ಕೈ ಉಪ್ಪ ಹಾಕಿ ಕೆಡಿಸಿತೋ!"

ಗೆದ್ದ ಸಂಭ್ರಮದಲ್ಲಿ ಗೌಡರು ಜೀಪನ್ನು ನೀರಿನ ಅಂಚಿಗೆ ಒಯ್ದು ನಿಲ್ಲಿಸಿದರು. ಎತ್ತನ್ನು ಹಳ್ಳಕ್ಕೆ ಹೊಡೆದಂತೆ, ಗಾಲಿ ತೊಳೆಯಲಿ ಎಂದು. ಊಟಕ್ಕೆ ಕೂತೆವು. ಮಗಳು ಬಡಿಸಿದಳು, ಬೀಗರು ಒತ್ತಾಯ ಮಾಡಿದರು. ಎಲೆಅಡಿಕೆ ಹಾಕಿಕೊಂಡು ಹೊರಗೆ ಬಂದರೆ, ಜೀಪಿನ ಗಾಲಿಗಳೇ ಇಲ್ಲ! ಸೀಟಿನ ಮಟ್ಟಕ್ಕೆ ಸಮುದ್ರ.

ಗೌಡರು ಧೋತರ ಎತ್ತಿಕೊಂಡು ಓಡಿದರು. "ನಾ ಗಾಲಿ ತೊಯ್ಯೂವಷ್ಟ ನೀರಾಗ ನಿಂದರ್ಸೇನಿ! ಯಾವನ್ಲೇ ಅಂವಾ ನೀರು ಬಿಟ್ಟಾಂವ? ಕರೀರಿ ನೀರಗಂಟೀನ!"

ದಂಡೆಯಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರರು ನಗು ತಡೆಯಲಾರದೆ ಬಲೆ ಬಿಟ್ಟು ಕೂತರು. ಆಮೇಲೆ ಅವರೇ ಪುಣ್ಯಾತ್ಮರು ಎದ್ದು, ದೊಡ್ಡ ಹಗ್ಗ ಕಟ್ಟಿ, ಹಾಡು ಹೇಳುತ್ತ ಜೀಪನ್ನು ದಡಕ್ಕೆ ಎಳೆದು ಹಾಕಿದರು. ಬಾಗಿಲಿಲ್ಲದ ಜೀಪಿನಿಂದ ನೀರು ಹರಿದು ಹೋಯಿತು, ಎರಡು ಏಡಿ ಇಳಿದು ಹೋದವು. ನಾನು ಎಂಜಿನ್ ಬಿಚ್ಚಲು ಕೂತೆ.

ಬೀಗರು ಗೌಡರ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದರು. "ಯಾರೂ ಬಿಟ್ಟಿಲ್ಲರಿ ಗೌಡ್ರ. ಸಮುದ್ರ ದಿನಾ ಎರಡು ಸಲ ಹಿಂಗ ಏರಿ ಬರ್ತೈತಿ, ಎರಡು ಸಲ ಇಳಿದು ಹೋಗ್ತೈತಿ."

ತಿಕೋಟಾದ ನೀರಗಂಟಿ ನಲ್ಲಿಗೆ ನೀರು ಬಿಡುವುದು ವಾರಕ್ಕೊಮ್ಮೆ. ಗೌಡರ ಸಿಟ್ಟು ಥಟ್ಟನೆ ಇಳಿಯಿತು. "ದಿನಾ?"

"ದಿನಾ."

"ಕರೆಂಟ್ ಹ್ವಾದ್ರೂ?"

"ಹ್ವಾದ್ರೂ ಬರ್ತೈತಿ."

"ಅಮಾಸಿ, ಹುಣ್ಣಿಮಿ, ಹಬ್ಬದ ಸೂಟಿ ಏನೂ ಇಲ್ಲ?"

"ಅಮಾಸಿ ಹುಣ್ಣಿಮಿಗೆ ಇನ್ನೂ ಜಾಸ್ತಿ ಬರ್ತೈತಿ."

ಗೌಡರು ತಲೆಯ ಪಟಗಾ ತೆಗೆದು ಕೈಯಲ್ಲಿ ಹಿಡಿದು, ಸಮುದ್ರವನ್ನೊಮ್ಮೆ ನೋಡಿದರು. ಆಮೇಲೆ ಬೀಗರ ಕಿವಿಯ ಹತ್ತಿರ ಬಾಗಿ, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಅಂದರು:

"ಬೀಗ್ರ, ಈ ನೀರಗಂಟೀನ ನಮ್ಮ ತಿಕೋಟಾಕ್ಕ ವರ್ಗಾ ಮಾಡಸ್ಬೇಕಂದ್ರ ಯಾರನ್ನ ಭೆಟ್ಟಿ ಆಗಬೇಕ್ರಿ?"