ವಚನಾವತಿಯ ಅತಿಥಿ ಗುರುಗಳು

ಬಹಳ ಹಿಂದೆ, ಸರ್ಕಾರಗಳು ಇನ್ನೂ ಸಿಂಹಾಸನದ ಮೇಲೆ ಕೂರುತ್ತಿದ್ದ ಕಾಲದಲ್ಲಿ, ವಚನಾವತಿ ಎಂಬ ರಾಜ್ಯವಿತ್ತು. ಅಲ್ಲಿ ಶಾಲೆಗಳಿದ್ದವು, ಮಕ್ಕಳಿದ್ದರು, ಕಲಿಸಲು ತಯಾರಾದವರೂ ಇದ್ದರು. ಇವರನ್ನೆಲ್ಲ ಒಟ್ಟುಗೂಡಿಸುವ ಕಡತ ಮಾತ್ರ ಹಣಕಾಸು ಇಲಾಖೆಯಲ್ಲಿ ವಿಶ್ರಾಂತಿ ಪಡೆಯುತ್ತಿತ್ತು.

ಕುಂಬಾರಗೇರಿಯ ಮಂದಾಕಿನಿ ಶಿಕ್ಷಕಿಯಾಗುವ ತರಬೇತಿ ಮುಗಿಸಿ, ಗೆದ್ದ ಪದಕವನ್ನು ಕೊರಳಿಗೆ ಹಾಕಿಕೊಂಡೇ ಆಸ್ಥಾನಕ್ಕೆ ಬಂದಳು. ಮಹಾರಾಜ ಉದಾರಕೇಸರಿ ಪದಕ ನೋಡಿ ಹಿಗ್ಗಿ, ವಿದ್ಯಾಮಂತ್ರಿ ಸ್ತುತಿಪಾಲರತ್ತ ತಿರುಗಿದರು.

“ಈ ಮಗುವಿಗೆ ಹುದ್ದೆ ಇದೆಯೇ?”

“ಹುದ್ದೆಗಳು ಧಾರಾಳವಾಗಿ ಖಾಲಿ ಇವೆ ಪ್ರಭು. ತುಂಬಿಬಿಟ್ಟರೆ ಸಂಬಳ, ಪಿಂಚಣಿ ಎಲ್ಲ ಕೊಡಬೇಕಾಗುತ್ತದೆ. ಇವರನ್ನು ಅತಿಥಿ ಶಿಕ್ಷಕರೆಂದು ಕರೆಯೋಣ. ಅತಿಥಿಗೆ ಸಂಬಳ ಕೊಟ್ಟು ಅವಮಾನಿಸುವ ಸಂಸ್ಕೃತಿ ನಮ್ಮದಲ್ಲ!”

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಮಂದಾಕಿನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸಿದರು.

ಅವಳು ತೆಂಗಿನಕಾಯಿಯ ಚಟ್ನಿ ಅರೆದು ಉಂಡು, ತನ್ನೂರ ಶಾಲೆಯಲ್ಲೇ ಪಾಠಕ್ಕೆ ನಿಂತಳು. ಅಕ್ಷರ ಕಂಡರೆ ಓಡುತ್ತಿದ್ದ ಮಕ್ಕಳು ಸಂತೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದತೊಡಗಿದರು. ಪರೀಕ್ಷೆ ಮುಗಿದದ್ದೇ ತಡ, ಅಧಿಕಾರಿಯೊಬ್ಬ ಹಾರ ಹಿಡಿದು ಬಂದ. “ಅತಿಥಿಗಳು ಇನ್ನು ಹೊರಡಬಹುದು.”

“ಅಕ್ಕೋರೇ, ಮತ್ತ ಬರ್ತೀರೇನ್ರೀ?” ಎಂದು ಹುಡುಗಿಯೊಬ್ಬಳು ಸೆರಗು ಹಿಡಿದಳು. ಮಂದಾಕಿನಿ ಆ ಹಾರವನ್ನು ಅವಳ ಕೊರಳಿಗೆ ಹಾಕಿ ಹೊರಟಳು. ದಾರಿಯುದ್ದಕ್ಕೂ ಅಳು, ಸಿಟ್ಟು ಎರಡೂ ಬಂದವು. ಊರ ಬಾವಿ ದಾಟುವಷ್ಟರಲ್ಲಿ ಸಿಟ್ಟೇ ಗೆದ್ದಿತು.

ಅವಳು ನಾಡಿನ ಅತಿಥಿ ಶಿಕ್ಷಕರನ್ನೆಲ್ಲ ಕೂಡಿಸಿದಳು. “ನಮ್ಮನ್ನ ಅತಿಥಿಗಳು ಅಂದವರು ಮಂತ್ರಿಗಳು. ಮತ್ತ ಅವರ ಮನಿಗೇ ಹೋಗೂಣು, ನಡೀರಿ!”

ಹಾಸಿಗೆ ಸುರುಳಿ ಹೊತ್ತ ಗುರುಗಳ ದಂಡು ಸ್ತುತಿಪಾಲರ ಮಹಲಿಗೆ ನುಗ್ಗಿತು. ಪಡಸಾಲೆಯಲ್ಲಿ ವ್ಯಾಕರಣದವರು ಮಲಗಿದರು, ಗಣಿತದವರು ಅಡುಗೆಮನೆಗೇ ಹತ್ತಿರ ಕುಳಿತರು. ಮಂತ್ರಿಯ ಹೆಂಡತಿ ಕನಕಾಂಬೆ ಹೋಳಿಗೆ ಬೇಯಿಸಿ ಬೇಯಿಸಿ ಸುಸ್ತಾಗಿ ಕೇಳಿದಳು, “ಯಾವಾಗ ಹೊರಡ್ತೀರಮ್ಮ?”

“ಹುದ್ದೆ ತುಂಬಿದ ಕೂಡಲೇ ಹೊರಡ್ತೀವಿ ತಾಯಿ. ಇನ್ನೊಂದು ಹೋಳಿಗಿ ಹಾಕ್ರಿ,” ಎಂದಳು ಮಂದಾಕಿನಿ.

ಹೆಂಡತಿಯ ಮುಖ ನೋಡಲಾಗದೆ ಸ್ತುತಿಪಾಲರು ಅರಮನೆಗೆ ಓಡಿದರು. ಅವರು ಬಾಯಿ ತೆರೆಯುವ ಮೊದಲೇ ಮಹಾರಾಜರು ಅಪ್ಪಿಕೊಂಡರು. “ಇಷ್ಟು ಜನಕ್ಕೆ ಅನ್ನವಿಟ್ಟ ಮಂತ್ರಿಯನ್ನು ನಾನು ಕಂಡಿಲ್ಲ! ನಿಮಗೆ ‘ಆತಿಥ್ಯ ಸಾರ್ವಭೌಮ’ ಬಿರುದು. ಖರ್ಚು ಪ್ರಜೆಗಳದ್ದು.”

ಮರುದಿನವೇ ಮನೆಮನೆಗೂ ಸತ್ಕಾರ ಸೆಸ್ ಬಿತ್ತು. ಅದನ್ನು ವಸೂಲು ಮಾಡಿ ಗುರುಗಳನ್ನು ಗೌರವದಿಂದ ಶಾಲೆಗಳಿಗೆ ಹಿಂದಿರುಗಿಸಲು ಆಯೋಗ ರಚನೆಯಾಯಿತು. ಹುದ್ದೆ ಬೇಗ ತುಂಬುತ್ತೇವೆಂಬ ಆಯೋಗದ ಮಾತು ನಂಬಿ ಮಂದಾಕಿನಿಯೂ ಇನ್ನೊಂದು ಶಾಲು ಹೊದ್ದು, ಅತಿಥಿಯಾಗಿಯೇ ಊರಿಗೆ ಬಂದಳು. ಮಕ್ಕಳು ಕುಣಿದರು. ಸೆಸ್ ಕಟ್ಟಿ ಬರಿಗೈಯಾದ ಊರವರೇ ಸರದಿಯ ಮೇಲೆ ಅವಳಿಗೆ ರೊಟ್ಟಿ ಬಡಿದರು.

ಆಯೋಗಕ್ಕೆ ಅಧ್ಯಕ್ಷರಾಗಿ ಬಂದವರು ಸ್ತುತಿಪಾಲರ ಭಾವಮೈದುನ. ಆ ವರ್ಷ ವಿದ್ಯಾ ಇಲಾಖೆಯಲ್ಲಿ ತುಂಬಿದ ಕಾಯಂ ಹುದ್ದೆ ಅದೊಂದೇ.