ಮೊರಿಲೋರ್ ಬೀದಿಗೆ ಬೇಕಾದ ಸೋರಿಕೆ

ಕಳೆದ ತಿಂಗಳು ಚರ್ಚ್ ಬೀದಿಯ ನೆಲದಡಿ ಗ್ಯಾಸ್ ಪೈಪು ಸೋರಿದ್ದೇ ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ. ಸೋರಿಕೆ ಕಂಡರೆ ತಡಮಾಡದೆ ರಿಪೇರಿ ಮಾಡಬೇಕೆಂಬ ಯೂರೋಪಿನವರ ಹೊಸ ಕಾನೂನು ರೊಮೇನಿಯಾದ ನಮ್ಮ ಪುಟ್ಟ ಊರಿಗೂ ಬಂದಿತ್ತು. ಗ್ಯಾಸಿನವರು ಬಂದರು, ಅಗೆದರು, ಮುಚ್ಚಿದರು, ಮೇಲೆ ಮಿರಮಿರ ಮಿಂಚುವ ಡಾಂಬರನ್ನೂ ಹಾಕಿ ಹೋದರು. ಹಳ್ಳ ಹಾರಿ ಹಾರಿ ಮೊಣಕಾಲು ಸವೆಸಿಕೊಂಡಿದ್ದ ಮೊರಿಲೋರ್ ಬೀದಿಯವರಿಗೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಗ್ಯಾಸ್ ಕಂಪನಿಯಲ್ಲಿ ಸೋರಿಕೆ ಹುಡುಕುವ ತ್ರಯಾನನ ಮನೆ ಅದೇ ಬೀದಿಯಲ್ಲಿ. ಆ ಶನಿವಾರ ಅವನ ಮಗಳ ಮದುವೆ. ನಮ್ಮೂರ ಮದುವೆ ಎಂದರೆ ಅಡುಗೆಯೆಲ್ಲ ಅಕ್ಕಪಕ್ಕದವರ ಒಲೆಗಳ ಮೇಲೆ. ಮನೆಗೊಂದು ಹಂಡೆ ಸರ್ಮಾಲೆ, ಅಂದರೆ ಕೋಸಿನೆಲೆಯಲ್ಲಿ ಸುತ್ತಿದ ಮಾಂಸದ ಉಂಡೆ.

ಶುಕ್ರವಾರ ಬೆಳಿಗ್ಗೆ ಅವನು ಗ್ಯಾಸ್ ಮೂಸುವ ಯಂತ್ರ ಹೆಗಲಿಗೇರಿಸಿದ್ದೇ ತಡ, ಎದುರುಮನೆಯ ಸವೇತಕ್ಕ ಅಡ್ಡಗಟ್ಟಿದಳು.

"ತ್ರಯಾನಾ, ಇವತ್ತು ನಮ್ಮ ಬೀದಿನೇ ನೋಡೋದು ತಾನೆ? ಒಂದು ಸೋರಿಕೆ ಹುಡುಕಿಬಿಡಪ್ಪ."

"ಇದ್ರೆ ತಾನೇ ಅಕ್ಕಾ ಹುಡುಕೋದು?"

"ಹಿತ್ತಿಲಿಗೆ ಬಾ, ತೋರಿಸ್ತೀನಿ!"

ಹಿತ್ತಿಲಲ್ಲಿ ಯಂತ್ರ ಕಿರ್ರೆಂದು ಕೂಗಿತು. ಬೇಲಿಯಾಚೆ ನಿಂತಿದ್ದವರು ಚಪ್ಪಾಳೆ ತಟ್ಟಿದರು. ತ್ರಯಾನ್ ಬಗ್ಗಿ ನೋಡಿದರೆ ಹಂದಿಗೊಬ್ಬರದ ಗುಂಡಿ.

"ಇದು ನಿಮ್ಮ ಹಂದಿ ಬಿಟ್ಟಿರೋ ಗ್ಯಾಸು ಅಕ್ಕಾ, ಪೈಪಿಂದಲ್ಲ."

"ಗ್ಯಾಸ್ ಗ್ಯಾಸೇ ಅಲ್ವೇನೋ? ಬರ್ಕೊಳ್ಳೋ!"

"ಸುಳ್ಳು ಬರೆದ್ರೆ ನನ್ನ ಕೆಲಸ ಹೋಗತ್ತೆ."

ಪಕ್ಕದ ಮನೆಯ ಒನೋರಿಯು ಮೀಸೆ ತಿರುವಿದ. "ಹಾಗಾದ್ರೆ ಕೇಳು. ಸೋರಿಕೆ ಸಿಗ್ಲಿಲ್ಲ ಅಂದ್ರೆ ನಿನ್ನ ಸರ್ಮಾಲೆ ನೀನೇ ಬೇಯಿಸ್ಕೋ. ನಾವ್ಯಾರೂ ಆ ಕಡೆ ತಲೆ ಹಾಕಲ್ಲ."

ತ್ರಯಾನ್ ಲೆಕ್ಕ ಹಾಕಿದ. ಬೀಗರ ಕಡೆಯವರೇ ನೂರೈವತ್ತು ಜನ! ಮಧ್ಯಾಹ್ನದವರೆಗೆ ಬೀದಿಯ ಒಂದೊಂದು ಬಿರುಕಿಗೂ ಮೂಗು ತೂರಿಸಿದ. ಅವನ ಹಿಂದೆ ಇಡೀ ಬೀದಿ ದಿಬ್ಬಣದಂತೆ ಹೊರಟಿತ್ತು. ಕೊನೆಗೆ ವಾಲ್ನಟ್ ಮರದ ಬುಡದಲ್ಲಿ ಯಂತ್ರ ಅರಚಿಕೊಂಡಿತು. ಹಂದಿಯಿಲ್ಲ, ಗುಂಡಿಯಿಲ್ಲ. ಅಪ್ಪಟ ಪೈಪಿನ ಗ್ಯಾಸು!

ಸವೇತಕ್ಕ ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಒನೋರಿಯು ಪ್ಲಮ್ ಹೆಂಡದ ಬಾಟಲಿ ತಂದ. ಹೆಂಗಸರು ಸೆರಗು ಕಟ್ಟಿದಂತೆ ಏಪ್ರನ್ ಬಿಗಿದು ಮಾಂಸ ಅರೆಯಲು ಓಡಿದರು. ತ್ರಯಾನ್ ಹಿಗ್ಗಿ ಹೀರೇಕಾಯಾಗಿ ಕಂಪನಿಗೆ ಫೋನು ಮಾಡಿದ. ಕಾನೂನಿನ ಮಹಿಮೆ, ಅಗೆಯುವವರು ಗಂಟೆಯೊಳಗೆ ಹಾಜರು.

ಸಂಜೆ ಹಂಡೆಗಳೆಲ್ಲ ತುಂಬಿದವು. ಸವೇತಕ್ಕ ಗ್ಯಾಸ್ ಒಲೆ ಹಚ್ಚಲು ಹೋದಳು. ಉರಿಯಿಲ್ಲ. ಒನೋರಿಯುವಿನ ಮನೆಯಲ್ಲೂ ಇಲ್ಲ. ಇಡೀ ಬೀದಿ ಸೌಟು ಹಿಡಿದು ಹೊರಗೆ ಬಂತು.

"ಗ್ಯಾಸ್ ನಿಲ್ಲಿಸ್ದೆ ಪೈಪ್ ಹೇಗ್ರೀ ಕತ್ತರಿಸೋದು?" ಎಂದ ಗುಂಡಿಯೊಳಗಿನ ಮೇಸ್ತ್ರಿ. "ಸೋಮವಾರ ಬರತ್ತೆ."

"ಅಯ್ಯೋ ಹಾಳಾದವನೇ, ಇವತ್ತೇ ಹುಡುಕು ಅಂತ ನಿಂಗ್ಯಾರೋ ಹೇಳಿದ್ದು?" ಸವೇತಕ್ಕ ತ್ರಯಾನನ ಮೇಲೇ ಹರಿಹಾಯ್ದಳು.

ಅವನ ಹೆಂಡತಿ ಫ್ಲೋರಿಕಾ ಹಸಿ ಸರ್ಮಾಲೆಯ ಹಂಡೆಯೊಂದನ್ನು ಅವನ ಕೈಗಿಟ್ಟು ಗ್ಯಾಸ್ ಇನ್ನೂ ಬರುತ್ತಿದ್ದ ಹಿಂಬದಿಯ ಬೀದಿಯತ್ತ ಬೆರಳು ತೋರಿಸಿದಳು. ಪಾಪ, ಹೆಗಲ ಮೇಲಿನ ಯಂತ್ರ ಇಳಿಸಲೂ ಪುರುಸೊತ್ತಿಲ್ಲದೆ ಅವನು ಹೊರಟ.

ಅಲ್ಲಿ ಮೊದಲ ಮನೆಯ ಮುದುಕ ಬಾಗಿಲು ತೆರೆದು, ಹಂಡೆಯನ್ನೂ ಯಂತ್ರವನ್ನೂ ನೋಡಿ ಬಾಯ್ತುಂಬ ನಕ್ಕ.

"ಒಲೆ ತಾನೇ? ಧಾರಾಳವಾಗಿ ತಗೊಳಪ್ಪ, ನಮ್ಮ ಬೀದಿ ಒಲೆಗಳೆಲ್ಲ ನಿಂದೇ. ಆದ್ರೆ ನಮಗೂ ಡಾಂಬರಿಲ್ಲ ನೋಡು. ಮೊದ್ಲು ಆ ಯಂತ್ರ ಹಿಡ್ಕೊಂಡು ಒಂದು ಸುತ್ತು ಹಾಕ್ಕೊಂಡು ಬಾ."